ಅಪ್ಪನ ಚೀಲದಲ್ಲಿ ಏನಿತ್ತು?

ಪ್ರೀತಿಯ ಗೆಳೆಯ,

ನಿನ್ನ ಕಾಗದ ಕೈಸೇರಿ ಎರಡು ದಿನವಾಯಿತು. ಮಕ್ಕಳಿಗೊಂದು ಕಥೆ ಬರೆಯಬೇಕು ಅನ್ನಿಸುತ್ತಿದೆ, ಈ ವಯಸ್ಸಿನಲ್ಲಿ ಶುರುಮಾಡಿದರೆ ಆದೀತೇ ಅಂತ ಕೇಳಿದ್ದೀಯ. ಹೂಂ ಅಂದುಬಿಡಬಹುದಿತ್ತು. ಆದರೆ ಅರವತ್ತು ದಾಟಿದ ಮೇಲೆ ಇದೇ ಕೆಲಸಕ್ಕೆ ಕೈಹಾಕಿ, ಎರಡು ವರ್ಷದಿಂದ ಒಂದೇ ಕಾದಂಬರಿಯ ಜೊತೆ ಏಗುತ್ತಿರುವವನು ನಾನು. ಬರೀ ಹೂಂ ಅಂದರೆ ನಿನಗೆ ಮೋಸ ಮಾಡಿದ ಹಾಗಾಗುತ್ತದೆ.

ವಯಸ್ಸಿನ ಮಾತು ಮೊದಲು ಮುಗಿಸೋಣ. ಇಂಗ್ಲೆಂಡಿನ ಲೇಖಕ ರಿಚರ್ಡ್ ಆಡಮ್ಸ್ ಸರ್ಕಾರಿ ನೌಕರಿಯಲ್ಲಿದ್ದವರು. ಕಾರಿನಲ್ಲಿ ಹೋಗುವಾಗ ಹೆಣ್ಣುಮಕ್ಕಳಿಬ್ಬರಿಗೆ ಮೊಲಗಳ ಕಥೆ ಕಟ್ಟಿ ಹೇಳಿದರು, ಆ ಮಕ್ಕಳೇ ಪಟ್ಟು ಹಿಡಿದು ಅದನ್ನು ಬರೆಸಿದರು. ಹಲವು ಪ್ರಕಾಶಕರು ಬೇಡ ಅಂದ ಮೇಲೆ ಅದು ಅಚ್ಚಾದದ್ದು 1972ರಲ್ಲಿ, ಆಗ ಅವರಿಗೆ 52. ಕುದುರೆಯೊಂದು ತನ್ನ ಬದುಕನ್ನು ತಾನೇ ಹೇಳಿಕೊಳ್ಳುವ ಕಾದಂಬರಿ ಬರೆದ ಆನ್ನಾ ಸ್ಯೂಯೆಲ್‌ಗೆ ಪುಸ್ತಕ ಬಂದಾಗ 57. ಕಾಯಿಲೆಯಿಂದ ಮಲಗಿದ್ದಲ್ಲೇ ಚೀಟಿಗಳ ಮೇಲೆ ಬರೆದುಕೊಡುತ್ತಿದ್ದರಂತೆ, ವಯಸ್ಸಾದ ತಾಯಿ ಅದನ್ನು ಪ್ರತಿ ಮಾಡುತ್ತಿದ್ದರಂತೆ. 1877ರಲ್ಲಿ ಪುಸ್ತಕ ಬಂತು, ಮರುವರ್ಷವೇ ಆಕೆ ತೀರಿಕೊಂಡರು. ಅವರ ಮನಸ್ಸಿನಲ್ಲಿದ್ದ ಓದುಗರು ಮಕ್ಕಳಲ್ಲ, ಕುದುರೆಗಳ ಜೊತೆ ಕೆಲಸ ಮಾಡುವವರು. ಮಕ್ಕಳು ಅದನ್ನು ತಾವಾಗಿ ಎತ್ತಿಕೊಂಡರು. ಹಾಗಾಗಿ ತಡವಾಯಿತೇ ಅನ್ನುವ ಪ್ರಶ್ನೆ ನನ್ನನ್ನು ಕಾಡುತ್ತಿಲ್ಲ. ಕಾಡುವುದು ಬೇರೆಯೇ ಇದೆ.

ನನ್ನ ಕರಡಿನ ಮೊದಲ ನಾಲ್ಕು ಅಧ್ಯಾಯ ಮೊಮ್ಮಗಳಿಗೆ ಕೊಟ್ಟಿದ್ದೆ. ಅವಳಿಗೆ ಹತ್ತು ವರ್ಷ. ಕಥೆಯಲ್ಲಿ ಹನ್ನೊಂದು ವರ್ಷದ ಹುಡುಗಿಯೊಬ್ಬಳಿದ್ದಾಳೆ (ತಮಗಿಂತ ಒಂದೆರಡು ವರ್ಷ ದೊಡ್ಡವರ ಕಥೆ ಓದುವುದು ಮಕ್ಕಳಿಗೆ ಇಷ್ಟ, ಇದನ್ನು ನೆನಪಿಟ್ಟುಕೋ). ಅವಳಿಗೊಬ್ಬ ಅಜ್ಜ ಇದ್ದ. ತುಂಬ ಒಳ್ಳೆಯವನು, ಎಲ್ಲಕ್ಕೂ ಅವನ ಹತ್ತಿರ ಒಂದು ಸಮಾಧಾನ ಇತ್ತು. ನಾಲ್ಕನೇ ಅಧ್ಯಾಯದ ನಡುವೆ ಮೊಮ್ಮಗಳು ಹಾಳೆ ಕೆಳಗಿಟ್ಟು, "ಈ ಅಜ್ಜ ಇನ್ನೂ ಎಷ್ಟು ಹೊತ್ತು ಇರ್ತಾರೆ?" ಅಂದಳು. ಯಾಕೆ ಅಂತ ಕೇಳಿದೆ. "ಅವಳೇ ಕಂಡುಹಿಡೀತಿದ್ದಳು. ಇವರು ಹೇಳಿಬಿಟ್ರು."

ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆ ಅಜ್ಜ ಯಾರು ಅಂತ ನಿನಗೆ ಹೇಳಬೇಕಾಗಿಲ್ಲ. ಇಷ್ಟು ವರ್ಷ ಬದುಕಿ ಕಲಿತದ್ದನ್ನೆಲ್ಲ ಅವನ ಬಾಯಲ್ಲಿ ತುಂಬಿದ್ದೆ. ಮಕ್ಕಳಿಗೆ ಅದು ಬೇಕಾಗುತ್ತದೆ ಅಂತ ಮನಸಾರೆ ನಂಬಿದ್ದೆ, ಈಗಲೂ ಬೇಕು ಅಂತಲೇ ನನ್ನ ನಂಬಿಕೆ. ಆದರೆ ದಾರಿ ಹುಡುಕುವ ಕೆಲಸ ಆ ಹುಡುಗಿಯದು. ಅದನ್ನು ಅವಳ ಕೈಯಿಂದ ಕಿತ್ತುಕೊಂಡರೆ ಓದುವ ಮಗುವಿಗೆ ಕಥೆಯೊಳಗೆ ಮಾಡಲು ಏನೂ ಉಳಿಯುವುದಿಲ್ಲ. ಮೂರು ವಾರ ತಡೆದು ಅಜ್ಜನನ್ನು ತೆಗೆದೆ. ಅವನ ಮಾತುಗಳನ್ನು ಒಂದೊಂದಾಗಿ ಹೊಡೆದುಹಾಕುವಾಗ ನಿಜಕ್ಕೂ ಸಂಕಟವಾಯಿತು.

ತೆಗೆದ ಮೇಲೂ ಅವನು ಹೋಗಿರಲಿಲ್ಲ. ವಾಕ್ಯಗಳ ಒಳಗೆ ಅಡಗಿ ಕೂತಿದ್ದ.

ಅದನ್ನು ಬಿಡಿಸಿ ಹೇಳಬೇಕು. ಈ ಕಥೆಯ ಬೀಜ ನಮ್ಮಪ್ಪನದು. ನನಗೆ ಒಂಬತ್ತು ವರ್ಷವಾಗಿದ್ದಾಗ ಅಪ್ಪನ ಕೆಲಸ ಹೋಯಿತು. ಮನೆಯಲ್ಲಿ ಯಾರಿಗೂ ಹೇಳದೆ ಕೆಲವು ತಿಂಗಳು ದಿನವೂ ಅದೇ ಹೊತ್ತಿಗೆ ಚೀಲ ಹಿಡಿದು ಹೊರಡುತ್ತಿದ್ದರು, ಅದೇ ಹೊತ್ತಿಗೆ ಬರುತ್ತಿದ್ದರು. ಇದನ್ನು ನಾನು ಮೊದಲು ಬರೆದದ್ದು ಹೀಗೆ: "ಕೆಲಸ ಕಳೆದುಕೊಂಡ ಮನುಷ್ಯನ ಒಂಟಿತನ ಮನೆಯವರಿಗೂ ಕಾಣುವುದಿಲ್ಲ." ಸುಳ್ಳೇನಲ್ಲ. ಆದರೆ ಒಂಬತ್ತರ ಹುಡುಗನಿಗೆ ಒಂಟಿತನ ಅನ್ನುವ ಮಾತು ಎಲ್ಲಿ ಗೊತ್ತಿತ್ತು? ಅವನಿಗೆ ಗೊತ್ತಿದ್ದದ್ದು ಒಂದೇ. ಒಂದು ಸಂಜೆ ಚೀಲ ಇಸಿದುಕೊಂಡಾಗ ಅದು ಹಗುರವಾಗಿತ್ತು. ಎಷ್ಟು ಹಗುರ ಅಂದರೆ, ಭಾರ ಇರುತ್ತದೆ ಅಂತ ಎತ್ತಿದ ಕೈ ಥಟ್ಟನೆ ಮೇಲೆ ಹೋಯಿತು. ಒಳಗೆ ಯಾವುದೋ ಒಂದೇ ವಸ್ತು ಕಟಕಟ ಅಂತ ಅತ್ತಿಂದಿತ್ತ ಉರುಳಿತು. ಅಪ್ಪ ಚೀಲ ವಾಪಸು ತೆಗೆದುಕೊಂಡರು.

ಮಗುವಿನ ಕೈಯಲ್ಲಿರುವುದು ಅಷ್ಟೇ. ಉಳಿದದ್ದನ್ನೆಲ್ಲ ಐವತ್ತು ವರ್ಷದಲ್ಲಿ ನಾನು ಸೇರಿಸಿಕೊಂಡದ್ದು. ಹೀಗೆ ಸೇರಿಸಿಕೊಂಡದ್ದನ್ನು ಕಳಚುವುದೇ ನಮ್ಮ ವಯಸ್ಸಿನವರಿಗೆ ಕಷ್ಟದ ಕೆಲಸ ಅಂತ ನನಗೀಗ ಅನ್ನಿಸುತ್ತದೆ. ಅಮೆರಿಕದ ಲೇಖಕಿ ಲಾರಾ ಇಂಗಲ್ಸ್ ವೈಲ್ಡರ್ ಅವರನ್ನು ಇದಕ್ಕಾಗಿಯೇ ಇಲ್ಲಿಯವರೆಗೆ ಉಳಿಸಿಕೊಂಡಿದ್ದೆ. 1930ರ ಸುಮಾರಿಗೆ ಅವರು ತಮ್ಮ ಬಾಲ್ಯವನ್ನು ದೊಡ್ಡವರಿಗಾಗಿ, "ನಾನು" ಅಂತ ಬರೆದರು. ಪ್ರಕಾಶಕರು ಯಾರೂ ಒಪ್ಪಲಿಲ್ಲ. ಆಮೇಲೆ ಅದೇ ನೆನಪುಗಳಿಂದ, "ನಾನು" ಬಿಟ್ಟು, ಲಾರಾ ಅನ್ನುವ ಪುಟ್ಟ ಹುಡುಗಿಯ ಕಥೆಯಾಗಿ ಮಕ್ಕಳಿಗೆಂದು ಬರೆದರು. 1932ರಲ್ಲಿ ಬಂದ ಆ ಪುಸ್ತಕದ ಹಿಂದೆ ಸಾಲಾಗಿ ಇನ್ನಷ್ಟು ಪುಸ್ತಕಗಳು ಬಂದವು. ಮೊದಲನೆಯದು ಬಂದಾಗ ಅವರಿಗೆ 65. ನೆನಪುಗಳು ಮೊದಲೂ ಇದ್ದವು, ನೋಡುವ ಕಣ್ಣು ನೆಲಕ್ಕೆ ಹತ್ತಿರವಾಯಿತು ಅಂತ ನಾನು ಅಂದುಕೊಂಡಿದ್ದೇನೆ.

ನಿನ್ನ ಕಥೆಯನ್ನು ನಮ್ಮ ಬಾಲ್ಯದ ಕಾಲದಲ್ಲೇ ಇಡಬೇಕು ಅಂದಿದ್ದೀಯ, ಮೊಬೈಲ್ ಇದ್ದರೆ ಯಾವ ಮಗುವೂ ದಾರಿ ತಪ್ಪುವುದಿಲ್ಲ ಅಂತ. ಇಡು, ಖಂಡಿತ ಇಡು. ಆದರೆ "ಆಗೆಲ್ಲ ಫೋನ್ ಇರಲಿಲ್ಲ" ಅಂತ ಒಂದು ಕಡೆಯೂ ಬರೆಯಬೇಡ. ಇಲ್ಲದ್ದನ್ನು ಇಲ್ಲ ಅಂತ ಎಣಿಸಿದವರು ನಾವು, ಈಗ. ಆ ಕಾಲದ ಮಗುವಿಗೆ ಅದರ ಪಾಡಿಗೆ ಎಲ್ಲವೂ ಇತ್ತು.

ಭಾಷೆಯ ಬಗ್ಗೆಯೂ ಕೇಳಿದ್ದೀಯ. ಬರೆದದ್ದನ್ನು ಗಟ್ಟಿಯಾಗಿ ಓದು. ಉಸಿರು ಸಾಲದ ಕಡೆ ವಾಕ್ಯ ಮುರಿ. ಗೊತ್ತಿಲ್ಲದ ಪದ ಬಂದರೆ ಮಕ್ಕಳು ಹೆದರುವುದಿಲ್ಲ, ಅದರ ಸುತ್ತ ನಡೆಯುತ್ತಿರುವುದು ಸ್ಪಷ್ಟವಾಗಿದ್ದರೆ ಸಾಕು. ಪುಟ್ಟ, ಚಿನ್ನಾರಿ ಅಂತ ಸವರುವುದನ್ನು ಮಾತ್ರ ಅವರು ತಕ್ಷಣ ಹಿಡಿಯುತ್ತಾರೆ.

ಮಕ್ಕಳ ಪುಸ್ತಕದಲ್ಲಿ ಇಂಥ ದುಃಖ ಬೇಕಾ ಅಂತ ನನ್ನ ಕರಡು ನೋಡಿದ ಹಿರಿಯರೊಬ್ಬರು ಕೇಳಿದರು. ಪ್ರೀತಿಯಿಂದಲೇ ಕೇಳಿದರು. ನಾನು ಒಪ್ಪಲಿಲ್ಲ. ಮುಚ್ಚಿದ ಬಾಗಿಲ ಹಿಂದಿನ ಪಿಸುಮಾತು, ಊಟದ ಹೊತ್ತಿನ ಮೌನ, ನಾವು ಒಳಗೆ ಬಂದ ಕೂಡಲೇ ಬದಲಾಗುತ್ತಿದ್ದ ಮಾತು, ಇದೆಲ್ಲ ನಮಗೆ ಕೇಳುತ್ತಿತ್ತು ಅಲ್ಲವೇ? ದುಃಖ ನಮ್ಮ ಮನೆಯಲ್ಲಿತ್ತು. ಅದನ್ನು ಬಾಯಿಬಿಟ್ಟು ಹೇಳುವ ಒಂದು ಪುಸ್ತಕ ಇರಲಿಲ್ಲ. ಅಂಥದ್ದೊಂದು ಅವತ್ತು ನನ್ನ ಕೈಗೆ ಸಿಕ್ಕಿದ್ದರೆ, ಇದು ನಮ್ಮ ಮನೆಯಲ್ಲಿ ಮಾತ್ರ ನಡೆಯುವುದಲ್ಲ ಅಂತಲಾದರೂ ಗೊತ್ತಾಗುತ್ತಿತ್ತು. ನಾನು ಬರೆಯುತ್ತಿರುವುದು ಆ ಹುಡುಗನಿಗೂ ಹೌದು.

ವಯಸ್ಸಾಗಿರುವುದರಿಂದ ನಮಗೊಂದು ಅನುಕೂಲ ಇದೆ, ಅದನ್ನೂ ಹೇಳಿಬಿಡುತ್ತೇನೆ. ಮೂವತ್ತರಲ್ಲಿ ಬರೆದಿದ್ದರೆ ಆ ಅಪ್ಪನ ಮೇಲೆ ಸಿಟ್ಟಿನಿಂದ ಬರೆಯುತ್ತಿದ್ದೆ. ಯಾಕೆ ಸುಳ್ಳು ಹೇಳಿದರು ಅಂತ ಆಗ ನನಗೆ ಕೋಪವಿತ್ತು. ಈಗ ಬೆಳಗಿನ ಆ ಹೊತ್ತಿನಲ್ಲಿ ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದ ಮನುಷ್ಯನ ಬೆರಳುಗಳೂ ನನಗೆ ಕಾಣುತ್ತವೆ. ಕಾದಂಬರಿಯಲ್ಲಿ ಆ ಹುಡುಗಿ ಬೆರಳುಗಳನ್ನು ನೋಡುತ್ತಾಳೆ, ನಾನು ಏನೂ ಹೇಳುವುದಿಲ್ಲ.

ಕಳೆದ ವಾರ ತಿದ್ದಿದ ಕರಡನ್ನು ಮೊಮ್ಮಗಳು ಒಂದೇ ಕೂತಿಗೆ ಕೊನೆಯ ಅಧ್ಯಾಯದ ಹಿಂದಿನವರೆಗೂ ಓದಿದಳು. ಓದಿ ಮುಗಿಸಿ, "ಚೀಲದಲ್ಲಿ ಏನಿತ್ತು?" ಅಂದಳು. ನನಗೆ ಗೊತ್ತಿಲ್ಲ ಅಂದೆ. "ನೀವೇ ಬರೆದದ್ದಲ್ವಾ?"

ನಿಜವಾಗಿಯೂ ಗೊತ್ತಿಲ್ಲ. ಅಪ್ಪನನ್ನು ಕೇಳಲಿಲ್ಲ, ಈಗ ಕೇಳಲು ಅವರಿಲ್ಲ. ಕೊನೆಯ ಅಧ್ಯಾಯದಲ್ಲಿ ಹುಡುಗಿ ಚೀಲ ತೆರೆಯಬೇಕು. ಒಂದು ವಾರದಿಂದ ಬರೆಯುತ್ತೇನೆ, ಹೊಡೆದುಹಾಕುತ್ತೇನೆ. ಪೆನ್ಸಿಲ್ ಡಬ್ಬಿ ಅಂತ ಬರೆದೆ, ಕನ್ನಡಕದ ಪೆಟ್ಟಿಗೆ ಅಂತ ಬರೆದೆ. ಎರಡೂ ಆ ಸದ್ದು ಮಾಡುವುದಿಲ್ಲ.

ಅವತ್ತು ಸಂಜೆ ಬಾಗಿಲ ಹತ್ತಿರ ನನ್ನ ಜೊತೆ ನೀನೂ ಇದ್ದೆ. ನಿನಗೂ ಆ ಸದ್ದು ಕೇಳಿಸಿತ್ತು, ಆಮೇಲೆ ನನ್ನ ಮುಖ ನೋಡಿದ್ದೆ. ಅದು ಏನಿರಬಹುದು ಅಂತ ನೀನು ಅಂದುಕೊಂಡಿದ್ದೆ? ನೆನಪಿದ್ದರೆ ಬರೆ. ನಿನ್ನ ಕಥೆಯ ಮೊದಲ ನಾಲ್ಕು ಪುಟವನ್ನೂ ಅದರ ಜೊತೆಗೇ ಕಳಿಸು, ತಿದ್ದಲು ಕೂರಬೇಡ, ಇದ್ದಂತೆಯೇ ಕಳಿಸು.

ನಿನ್ನ ಗೆಳೆಯ