ಗಾಣ ಹಾಕುವ ಮುಂಚೆ

ಚಳ್ಳಕೆರೆ

ಪ್ರೀತಿಯ ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ನೀನು ಕಳಿಸಿದ ಯೋಜನೆಯ ಕಾಗದ ಪೂರ್ತಿ ಓದಿದೆ. ದಾವಣಗೆರೆಯಲ್ಲಿ ಮರದ ಗಾಣ ಹಾಕಿ ಶೇಂಗಾ ಎಣ್ಣೆ ಮಾರಬೇಕು ಅನ್ನೋ ನಿನ್ನ ಆಸೆಗೆ ನಾನು ಅಡ್ಡ ಬರಲ್ಲ. ನಿಮ್ಮಪ್ಪ ಫೋನ್ ಮಾಡಿ "ನೀನಾದರೂ ಬುದ್ಧಿ ಹೇಳು" ಅಂದ. ಅವನು ಬಯಸುವ ಬುದ್ಧಿಮಾತು ನನ್ನಿಂದ ಬರಲ್ಲ ಬಿಡು. ಆದರೆ ಮೊದಲ ಪುಟದಲ್ಲೇ "ವಿದೇಶಿ ಪಾಮ್ ಎಣ್ಣೆಯನ್ನು ಸೋಲಿಸುವುದೇ ನಮ್ಮ ಗುರಿ" ಅಂತ ಬರೆದಿದ್ದೀಯಲ್ಲ, ಆ ಸಾಲು ಹೊಡೆದುಹಾಕು.

ಯಾಕೆ ಅಂತ ಹೇಳ್ತೀನಿ. ಚಳ್ಳಕೆರೆಗೆ ಎಣ್ಣೆ ನಗರ ಅನ್ನೋ ಹೆಸರು ಸುಮ್ನೆ ಬಂದಿದ್ದಲ್ಲ. ನಾನು ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತಿದ್ದ ಕಾಲಕ್ಕೆ ಸುಗ್ಗಿ ಬಂತೆಂದರೆ ಯಾರ್ಡಿನಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ಹೊರದೇಶದ ಎಣ್ಣೆ ತರಿಸುವುದು ಆಗ ಸರ್ಕಾರದ ಕೈಯಲ್ಲಿತ್ತು. ಸೊಸೈಟಿಯಲ್ಲಿ ಕಾರ್ಡಿಗೆ ಇಷ್ಟು ಅಂತ ಪಾಮೋಲಿನ್, ಅಂದರೆ ತಿಳಿಯಾದ ಪಾಮ್ ಎಣ್ಣೆ, ಕೊಡುತ್ತಿದ್ದರು. 1994ರಲ್ಲಿ ಖಾಸಗಿಯವರೂ ಪಾಮೋಲಿನ್ ತರಿಸಬಹುದು ಅಂತಾಯಿತು. ಆಮದು ಸುಂಕ ಮೊದಲು ಶೇ. 65 ಇತ್ತು, 1998ರ ಹೊತ್ತಿಗೆ ಶೇ. 15ಕ್ಕೆ ಇಳಿಯಿತು. ನಾಲ್ಕೇ ವರ್ಷ. ಹೋಟೆಲಿನವರು, ಬೇಕರಿಯವರು ಶೇಂಗಾ ಎಣ್ಣೆಯನ್ನು ಮೊದಲು ಕೈಬಿಟ್ಟರು, ಮನೆಗಳವರು ನಿಧಾನಕ್ಕೆ ಬಿಟ್ಟರು. ಈಗ ದೇಶ ತಿನ್ನುವ ಎಣ್ಣೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಹೊರಗಿನಿಂದಲೇ ಬರುತ್ತದೆ. ನಮ್ಮೂರಿನ ಎಷ್ಟೋ ಮಿಲ್ಲುಗಳು ಬಾಗಿಲು ಹಾಕಿ ಗೋದಾಮಾಗಿವೆ.

ಇಷ್ಟಕ್ಕೇ ನಿಲ್ಲಿಸಿದರೆ ಅದು ಭಾಷಣವಾಗುತ್ತದೆ, ಲೆಕ್ಕ ಆಗಲ್ಲ. ಪಾಮ್ ಎಣ್ಣೆ ಅಗ್ಗ ಆಗಿರೋದು ಬರೀ ಮೋಸದಿಂದಲ್ಲ. ಅದು ಮರದ ಬೆಳೆ. ಮಲೇಷ್ಯಾ, ಇಂಡೋನೇಷ್ಯಾಗಳಲ್ಲಿ ಒಂದು ಹೆಕ್ಟೇರಿಗೆ ಮೂರರಿಂದ ನಾಲ್ಕು ಟನ್ ಎಣ್ಣೆ ಸಿಗುತ್ತದೆ. ಮಳೆ ನಂಬಿದ ನಮ್ಮ ಹೊಲದಲ್ಲಿ ಹೆಕ್ಟೇರಿಗೆ ಒಂದು ಟನ್ ಶೇಂಗಾ ಕಾಯಿ ಬಂದರೆ ರೈತ ಪುಣ್ಯವಂತ. ಅದನ್ನು ಗಾಣಕ್ಕೆ ಹಾಕಿದರೆ ಎಣ್ಣೆ 300 ಕಿಲೋ ಕೂಡ ದಾಟಲ್ಲ. ಅದರ ಮೇಲೆ ನಮ್ಮಲ್ಲಿ ಮಳೆ ಕೈಕೊಟ್ಟಿತು, ಎಲೆಚುಕ್ಕೆ ರೋಗ ಬಂತು, ಬೋರ್ ನೀರು ಸಿಕ್ಕವರು ಈರುಳ್ಳಿ, ದಾಳಿಂಬೆ, ಅಡಿಕೆಗೆ ಹೊರಟರು. ನೀನು ಬೆಲೆಯಲ್ಲಿ ಸ್ಪರ್ಧೆಗೆ ನಿಂತರೆ ಮೊದಲ ವರ್ಷವೇ ಮಲಗುತ್ತೀಯ.

ಸುಂಕ ಏರುತ್ತೆ, ಆಗ ನಮಗೆ ಒಳ್ಳೆ ಕಾಲ ಬರುತ್ತೆ ಅಂತಲೂ ಬರೆದಿದ್ದೀಯ. 2024ರ ಸೆಪ್ಟೆಂಬರಿನಲ್ಲಿ ಕಚ್ಚಾ ಪಾಮ್, ಸೋಯಾ, ಸೂರ್ಯಕಾಂತಿ ಎಣ್ಣೆಗಳ ಮೂಲ ಸುಂಕ ಶೇ. 20ಕ್ಕೆ ಏರಿತು. 2025ರ ಮೇ ಮುಗಿಯುವಷ್ಟರಲ್ಲಿ ಶೇ. 10ಕ್ಕೆ ಇಳಿಯಿತು. ಎಣ್ಣೆ ದುಬಾರಿ ಅಂತ ಪೇಟೆಯ ಜನ ಬೈದರೆ ಇಳಿಸುತ್ತಾರೆ, ರೈತರು ಕೂಗಿದರೆ ಏರಿಸುತ್ತಾರೆ. ಎರಡೂ ಕಡೆಯವರಿಗೂ ಹೊಟ್ಟೆ ಇದೆ, ಯಾರನ್ನೂ ತಪ್ಪು ಅನ್ನೋಕಾಗಲ್ಲ. ಆದರೆ ದಿಲ್ಲಿಯವರು ಯಾವಾಗ ಸಹಿ ಹಾಕ್ತಾರೋ ಅಂತ ಕಾಯುತ್ತಾ ಬ್ಯಾಂಕಿನ ಕಂತು ಕಟ್ಟೋಕಾಗುತ್ತಾ?

ಈಗ ನಿನ್ನ ಕೈಯಲ್ಲಿರೋದನ್ನು ನೋಡು. ಒಂದು ಕ್ವಿಂಟಲ್ ಕಾಯಿ ಸುಲಿದರೆ ಬೀಜ ಸುಮಾರು 70 ಕಿಲೋ. ಮರದ ಗಾಣದಲ್ಲಿ ಎಣ್ಣೆ 27 ಕಿಲೋ ಬಂದರೆ ಒಳ್ಳೆಯದೇ ಬಂತು ಅನ್ನು. ಮಿಲ್ಲಿನ ಎಕ್ಸ್‌ಪೆಲ್ಲರ್ ಯಂತ್ರ ಇನ್ನೂ ಸ್ವಲ್ಪ ಹಿಂಡುತ್ತದೆ. ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿ, ಅದೇ ದನಕ್ಕೆ ಹಾಕುವುದು, ಸುಮಾರು 40 ಕಿಲೋ. 2025-26ರ ಬೆಂಬಲ ಬೆಲೆ ಕ್ವಿಂಟಲ್‌ಗೆ 7,263 ರೂಪಾಯಿ. ಅದೇ ದರಕ್ಕೆ ಕೊಂಡೆ, ಹಿಂಡಿ ಕಿಲೋಗೆ 40ರಂತೆ ಮಾರಿದೆ ಅಂತ ಇಟ್ಟುಕೋ. ಹಿಂಡಿಯಿಂದ 1,600 ವಾಪಸ್ ಬಂತು. ಉಳಿದ 5,663 ರೂಪಾಯಿ ಆ 27 ಕಿಲೋ ಎಣ್ಣೆಯ ತಲೆ ಮೇಲೆ ಕೂತಿತು. ಕಿಲೋಗೆ 210 ಹತ್ತಿರ, ಲೀಟರಿಗೆ 190. ಇನ್ನೂ ಕರೆಂಟು, ಕೂಲಿ, ಬಾಟಲಿ, ಬಾಡಿಗೆ, ಬಡ್ಡಿ ಸೇರಿಲ್ಲ. ನಿನ್ನ ಕಾಗದದಲ್ಲಿ ಹಿಂಡಿಗೆ ಒಂದು ಸಾಲೂ ಇಲ್ಲ. ಹಿಂಡಿ ಹೋಗದಿದ್ದರೆ ಗಾಣ ತಿರುಗಿದಷ್ಟೂ ನಷ್ಟ. ಹಾಗಾಗಿ ಎಣ್ಣೆಗೆ ಗಿರಾಕಿ ಹುಡುಕುವ ಮುಂಚೆ ಹಸು ಸಾಕಿದವರನ್ನು ಹುಡುಕು. ಗಾಣದ ಹಿಂಡಿಯಲ್ಲಿ ಎಣ್ಣೆ ಅಂಶ ಜಾಸ್ತಿ ಉಳಿದಿರುತ್ತದೆ, ಹಾಲು ಕರೆಯುವವರಿಗೆ ಅದು ಗೊತ್ತು, ನಾಲ್ಕು ಕಾಸು ಹೆಚ್ಚಿಗೇ ಕೊಡುತ್ತಾರೆ.

ಎಣ್ಣೆ ಯಾರಿಗೆ ಮಾರಬೇಕು? ಮಂಡಕ್ಕಿ ಮಿರ್ಚಿ ಗಾಡಿಯವರ ಹತ್ತಿರ ಹೋಗಬೇಡ. ದಿನವಿಡೀ ಬಾಣಲೆ ಕಾಯಿಸುವವನು ಈ ದರಕ್ಕೆ ಎಣ್ಣೆ ಕೊಂಡರೆ ಮಿರ್ಚಿ ಯಾರೂ ಮುಟ್ಟಲ್ಲ. ಅವನು ಪಾಮೋಲಿನ್ ಹಾಕೋದು ದೇಶದ್ರೋಹ ಅಲ್ಲ, ಹೊಟ್ಟೆಪಾಡು. ನಿನ್ನ ಗಿರಾಕಿ ಬೇರೆ. ಒಗ್ಗರಣೆ ಹಾಕಿದಾಗ ಶೇಂಗಾ ಘಮ ಬರಲಿ ಅನ್ನುವವರು, ರೊಟ್ಟಿ ಜೊತೆ ಚಟ್ನಿಪುಡಿಗೆ ಹಸಿ ಎಣ್ಣೆ ಕಲಸಿ ತಿನ್ನುವವರು, ಉಪ್ಪಿನಕಾಯಿ ಹಾಕುವವರು. ಅಂಥವರು ದಾವಣಗೆರೆಯಲ್ಲಿ ಬೇಕಾದಷ್ಟಿದ್ದಾರೆ. ಅವರು ಬೆಲೆ ಕೇಳಿ ಹುಬ್ಬೇರಿಸಬಹುದು, ಆದರೆ ಎಣ್ಣೆ ಚೆನ್ನಾಗಿದ್ದರೆ ಮತ್ತೆ ಬರುತ್ತಾರೆ. ಹೊರದೇಶದ ಮೇಲಿನ ಸಿಟ್ಟಿಗೆ ಒಂದು ಬಾಟಲಿ ಒಯ್ದವರು ಎರಡನೆಯದಕ್ಕೆ ಬರಲ್ಲ.

ಇನ್ನು ಬೀಜದ ವಿಷಯ. ಇದನ್ನು ಎರಡು ಸಲ ಓದು. ಕಾಯಿ ಕೈಯಲ್ಲಿ ಹಿಡಿದು ಕಿವಿ ಹತ್ತಿರ ಅಲ್ಲಾಡಿಸು. ಒಳಗೆ ಗಲಗಲ ಅಂದರೆ ಒಣಗಿದೆ. ಸದ್ದಿಲ್ಲದಿದ್ದರೆ ಒಂದೋ ಹಸಿ, ಇಲ್ಲವೇ ಜೊಳ್ಳು. ಚೀಲದ ಮೇಲಿನ ಮಾಲು ನೋಡಬೇಡ, ತಳಕ್ಕೆ ಕೈ ಹಾಕು. ಒಂದು ಹಿಡಿ ಸುಲಿದು ಬೀಜ ಎರಡು ಹೋಳು ಮಾಡು. ಹೋಳಿನ ಒಳಗೆ ಹಸಿರೋ ಹಳದಿಯೋ ಬೂಸ್ಟು ಕಂಡರೆ ಆ ಲಾಟ್ ಬಿಟ್ಟು ಬಾ, ದರ ಎಷ್ಟೇ ಇಳಿಸಿದರೂ ಸರಿ. ಆ ಬೂಸ್ಟಿನಿಂದ ಅಫ್ಲಾಟಾಕ್ಸಿನ್ ಅನ್ನೋ ವಿಷ ಹುಟ್ಟುತ್ತದೆ, ಲಿವರ್ ಹಾಳು ಮಾಡುತ್ತದೆ. ದೊಡ್ಡ ಫ್ಯಾಕ್ಟರಿಯವರು ರಿಫೈನ್ ಮಾಡುವಾಗ ಅದು ಬಹುಪಾಲು ಹೋಗಿಬಿಡುತ್ತದೆ. ನಿನ್ನ ಗಾಣದ ಎಣ್ಣೆಯಲ್ಲಿ ಹೋಗಲ್ಲ. ರಿಫೈನ್ ಮಾಡದ ಎಣ್ಣೆ ಅಂತ ನೀನು ಹೆಮ್ಮೆಯಿಂದ ಬರೆಸ್ತೀಯಲ್ಲ, ಆ ಹೆಮ್ಮೆಯ ಭಾರ ಪೂರ್ತಿ ಬೀಜದ ಮೇಲೆ ಬೀಳುತ್ತದೆ. ಕಣ್ಣಿಗೆ ಕಾಣದೆಯೂ ವಿಷ ಇರಬಹುದು, ಅದಕ್ಕೆ ಆಗಾಗ ಲ್ಯಾಬಿಗೆ ಕಳಿಸು. ಬೀಜ ಸುಲಿದು ಇಡಬೇಡ, ಕಾಯಿಯಲ್ಲೇ ಇಟ್ಟು ಬೇಕಾದಷ್ಟು ಸುಲಿ.

ಇದರಲ್ಲಿ ಒಂದು ತಮಾಷೆ ಇದೆ ನೋಡು. ಭಾರತದ ಶೇಂಗಾ ಬೀಜ ಹಡಗು ಹತ್ತಿ ಹೋಗುವ ದೇಶಗಳಲ್ಲಿ ಇಂಡೋನೇಷ್ಯಾ ದೊಡ್ಡದು. ಅಲ್ಲಿಂದ ಪಾಮ್ ಎಣ್ಣೆ ಇಲ್ಲಿಗೆ ಬರುತ್ತೆ. ಹೋಗುವ ಬೀಜಕ್ಕೆ ಅವರು ಅಫ್ಲಾಟಾಕ್ಸಿನ್ ಪರೀಕ್ಷೆ ಕೇಳುತ್ತಾರೆ. ನಮ್ಮವರಿಗೇ ಮಾರುವಾಗ ಯಾರೂ ಕೇಳಲ್ಲ. ನೀನು ಕೇಳು.

ಒಂದಲ್ಲ ಒಂದು ದಿನ ಯಾರೋ ಬಂದು "ಸ್ವಲ್ಪ ಪಾಮೋಲಿನ್ ಬೆರೆಸಮ್ಮ, ಯಾರಿಗೂ ಗೊತ್ತಾಗಲ್ಲ" ಅಂತಾರೆ. ಗೊತ್ತಾಗುತ್ತೆ. ಚಳಿಗಾಲದ ಬೆಳಗ್ಗೆ ಬಾಟಲಿಯ ತಳದಲ್ಲಿ ಬೆಳ್ಳಗೆ ಕೂರಬಹುದು. ಹಾಗೇ ಎಣ್ಣೆ ಬಿಡಿಯಾಗಿ ಅಳೆದು ಕೊಡೋದೂ ಬೇಡ, ಸೀಲ್ ಮಾಡದ ಎಣ್ಣೆ ಮಾರುವಂತಿಲ್ಲ ಅಂತ ಆಹಾರ ಸುರಕ್ಷತೆಯ ನಿಯಮವೇ ಇದೆ. ಒಂದು ಲೀಟರ್ ಅಂದರೆ ಸುಮಾರು 910 ಗ್ರಾಂ. ಪೇಟೆಯಲ್ಲಿ ಲೀಟರಿನಂತೆ ಕಾಣುವ 850 ಗ್ರಾಮಿನ ಪ್ಯಾಕೆಟ್ಟುಗಳಿವೆ, ಆ ಆಟ ನಮಗೆ ಬೇಡ. ಸಕ್ಕರೆ ಕಾಯಿಲೆ ವಾಸಿಯಾಗುತ್ತೆ, ಹೃದಯಕ್ಕೆ ಮದ್ದು ಅಂತೆಲ್ಲ ಲೇಬಲ್ ಮೇಲೆ ಹಾಕಿಸಬೇಡ.

ನೀನು ಆನ್‌ಲೈನಿನಲ್ಲಿ ನೋಡಿದ ಆ ಚೀನಾ ಯಂತ್ರ ಅಗ್ಗ, ನಿಜ. ಸುಗ್ಗಿ ಮಧ್ಯೆ ಗೇರ್ ಒಡೆದರೆ ಯಾರಿಗೆ ಫೋನ್ ಮಾಡ್ತೀಯ? ಹರಿಹರದಲ್ಲಿ 1941ರಲ್ಲಿ ಶುರುವಾದ, ಲೇತ್ ಯಂತ್ರ ಮಾಡುತ್ತಿದ್ದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಮುಚ್ಚಿ ಎರಡು ದಶಕ ದಾಟಿತು. ಆದರೆ ಅಲ್ಲಿ ಕೈ ಪಳಗಿದವರು, ಅವರ ಹತ್ತಿರ ಕಲಿತವರು ಲೇತ್ ಅಂಗಡಿ ಇಟ್ಟುಕೊಂಡಿದ್ದಾರೆ. ಯಂತ್ರ ಕೊಳ್ಳುವ ಮುಂಚೆ ಅದರ ಚಿತ್ರ ಅಂಥ ಒಬ್ಬರಿಗೆ ತೋರಿಸು. "ಇದರ ಪಾರ್ಟ್ ನಾನು ಮಾಡಿಕೊಡ್ತೀನಿ" ಅಂದರೆ ಮಾತ್ರ ತಗೋ.

ಸಣ್ಣ ಆಹಾರ ಘಟಕಗಳಿಗೆ ಅಂತ ಸರ್ಕಾರ ತಂದ ಪಿಎಂಎಫ್‌ಎಂಇ ಯೋಜನೆಯಲ್ಲಿ ಶೇ. 35, ಅದರ ಮೇಲೆ ರಾಜ್ಯದ್ದು ಇನ್ನೂ ಶೇ. 15 ಸಹಾಯಧನ ಅಂತ ಬರೆದಿದ್ದೀಯ. ಯೋಜನೆ ಇನ್ನೂ ಇದೆಯಾ ವಿಚಾರಿಸು, ಸಿಕ್ಕರೆ ಬಿಡಬೇಡ. ಆದರೆ ಅದು ಮುಖ್ಯವಾಗಿ ಯಂತ್ರಕ್ಕೆ. ದುಡ್ಡು ಮುಳುಗೋದು ಮಾಲಿನಲ್ಲಿ. ವರ್ಷದ ಬೀಜವನ್ನು ಸುಗ್ಗಿಯ ಎರಡು ಮೂರು ತಿಂಗಳಲ್ಲೇ ಕೊಳ್ಳಬೇಕು, ಮಾರೋದು ವರ್ಷಪೂರ್ತಿ. ಆ ಹಣ ಎಲ್ಲಿಂದ ಅನ್ನೋದಕ್ಕೆ ನಿನ್ನ ಕಾಗದದಲ್ಲಿ ಉತ್ತರ ಇಲ್ಲ. ಬ್ಯಾಂಕಿನವರು ಕೇಳುವ ಮುಂಚೆ ನಾನೇ ಕೇಳ್ತಿದ್ದೀನಿ.

ದೀಪಾವಳಿ ಮುಗಿಸಿಕೊಂಡು ಒಂದು ವಾರದ ಮಟ್ಟಿಗೆ ಇಲ್ಲಿಗೆ ಬಾ. ಹೊಸ ಮಾಲು ಬರುವ ಹೊತ್ತು. ಬೆಳಗ್ಗೆ ಯಾರ್ಡಿಗೆ ಒಟ್ಟಿಗೆ ಹೋಗೋಣ, ದಲಾಲರ ಪರಿಚಯ ಮಾಡಿಸ್ತೀನಿ, ಚೀಲಕ್ಕೆ ಕೈ ಹಾಕೋದು ನೀನೇ. ಒಂದು ಕ್ವಿಂಟಲ್ ಕೊಂಡು ಇಲ್ಲೇ ಪರಿಚಯದ ಗಾಣದಲ್ಲಿ ಹಿಂಡಿಸೋಣ. 27 ಕಿಲೋ ಬರುತ್ತೋ 24 ಬರುತ್ತೋ ನೀನೇ ತೂಗಿ ನೋಡು. ಸಾಲದ ಅರ್ಜಿಗೆ ಸಹಿ ಅದಾದ ಮೇಲೆ. ಬರುವಾಗ ಹಿಂಡಿ ಕೊಳ್ಳುವವರ ಪಟ್ಟಿ ತಾ. ನಿಮ್ಮಪ್ಪನನ್ನೂ ಕರೆದುಕೊಂಡು ಬಾ, ಮೂಟೆ ಹೊರೋಕೆ ಯಾರಾದರೂ ಬೇಕಲ್ವಾ.

ಇಂತಿ,
ನಿನ್ನ ದೊಡ್ಡಪ್ಪ