ಬರುವಾಗ ಆ ಮೇಲಂಗಿ ತಾ

ಪ್ರೀತಿಯ ಮಗನೇ,

ವಿಚಾರಣೆಯ ದಿನ ನಿನ್ನ ಪರ ಮಾತಾಡುತ್ತೇವೆ ಅಂದಿದ್ದ ಮೂವರೂ ಬರಲಿಲ್ಲ ಅಂದೆಯಲ್ಲ, ಫೋನಿನಲ್ಲಿ ನನಗೆ ಏನು ಹೇಳಬೇಕೋ ತೋಚಲಿಲ್ಲ. "ಕೆಲಸ ಹೋಗಿದ್ದಕ್ಕಿಂತ ಅದೇ ಜಾಸ್ತಿ ನೋವು, ದೊಡ್ಡಮ್ಮ" ಅಂದೆ. ರಾತ್ರಿಯೆಲ್ಲ ಆ ಮಾತೇ ಕಿವಿಯಲ್ಲಿತ್ತು. ಬೆಳಗ್ಗೆ ಎದ್ದು, ಬೈಬಲಿನಲ್ಲಿ ಅಪೊಸ್ತಲ ಪೌಲ ತನ್ನ ಕಿರಿಯ ಜೊತೆಗಾರ ತಿಮೊಥೆಯನಿಗೆ ಬರೆದ 2ನೇ ಪತ್ರದ ಕೊನೆಯ ಅಧ್ಯಾಯ ತೆಗೆದೆ. ಅದೂ ಹಿರಿಯನೊಬ್ಬ ಕಿರಿಯನಿಗೆ ಬರೆದ ಕಾಗದವೇ ಅಲ್ವಾ?

ಪೌಲ ಆಗ ರೋಮಾಪುರದಲ್ಲಿ ಸೆರೆಯಲ್ಲಿದ್ದ. ಸಾವು ಹತ್ತಿರ ಬಂತು ಅಂತ ಅವನಿಗೆ ಗೊತ್ತಿತ್ತು. ಮೊದಲ ವಿಚಾರಣೆಯಲ್ಲಿ ಯಾರೂ ನನ್ನ ಜೊತೆ ನಿಲ್ಲಲಿಲ್ಲ, ಎಲ್ಲರೂ ಕೈಬಿಟ್ಟರು ಅಂತ ನೇರವಾಗಿ ಬರೆಯುತ್ತಾನೆ. ದೇಮನ ಹೆಸರನ್ನೂ ಹೇಳುತ್ತಾನೆ. ಲೋಕದ ಆಸೆಗೆ ಬಿದ್ದು ಥೆಸಲೋನಿಕಕ್ಕೆ ಹೊರಟುಹೋದನಂತೆ. ಈ ದೇಮ ಯಾರೋ ದಾರಿಹೋಕನಲ್ಲ. ಫಿಲೆಮೋನನಿಗೆ ಬರೆದ ಪತ್ರದಲ್ಲಿ ಲೂಕನ ಪಕ್ಕದಲ್ಲೇ ಅವನ ಹೆಸರಿದೆ, ಜೊತೆಗೆ ದುಡಿದವನು ಅಂತ. ಅಂಥವನೇ ಹೋದ. ನೋವಾಗಿಲ್ಲ ಅಂತ ನೀನು ಸುಮ್ನೆ ತೋರಿಸಿಕೊಳ್ಳಬೇಡ. ಪೌಲನೂ ತೋರಿಸಿಕೊಳ್ಳಲಿಲ್ಲ.

ಆದರೆ ವಿಚಾರಣೆಗೆ ಬಾರದವರಿಗಾಗಿ ಅವನು, ಇದು ಅವರ ಲೆಕ್ಕಕ್ಕೆ ಸೇರದಿರಲಿ ಅಂತ ಬೇಡಿಕೊಳ್ಳುತ್ತಾನೆ. ಕಂಚುಗಾರ ಅಲೆಕ್ಸಾಂದ್ರನ ವಿಷಯಕ್ಕೆ ಬಂದಾಗ ಮಾತೇ ಬೇರೆ. ಅವನು ನನಗೆ ಬಹಳ ಕೇಡು ಮಾಡಿದ, ನೀನೂ ಹುಷಾರಾಗಿರು ಅನ್ನುತ್ತಾನೆ. ನಿನ್ನ ಆ ಮೂವರಿಗೂ ಮನೆ ಸಾಲ ಇದೆ, ಮಕ್ಕಳ ಫೀಸು ಇದೆ. ಹೆದರಿದರು. ನಿನ್ನ ಮೇಲೆ ಸುಳ್ಳು ದೂರು ಬರೆದವನ ಜೊತೆ ಅವರನ್ನೂ ಒಂದೇ ಹಗ್ಗದಲ್ಲಿ ಕಟ್ಟಬೇಡ.

ನಾನು ಹಾಗೆ ಕಟ್ಟಿದ್ದೆ. ಪ್ರತಿ ಭಾನುವಾರ ಆರಾಧನೆ ಮುಗಿಸಿ ನಮ್ಮ ಮನೆಯಲ್ಲೇ ಊಟ ಮಾಡುತ್ತಿದ್ದವರು, ನಿನ್ನ ದೊಡ್ಡಪ್ಪನನ್ನು ಮಣ್ಣು ಮಾಡಿದ ಮೇಲೆ ಇತ್ತ ತಲೆ ಹಾಕಲಿಲ್ಲ. ಒಬ್ಬೊಬ್ಬರನ್ನೇ ಎಣಿಸುತ್ತಾ ಕೂತೆ. ಎದುರು ಮನೆಯ ಟೈಲರ್ ಹೆಂಡತಿಯನ್ನು ನಾನು ಅಲ್ಲಿಯವರೆಗೆ ಸರಿಯಾಗಿ ಮಾತಾಡಿಸಿದವಳೇ ಅಲ್ಲ. ಅವಳು ಒಂದು ತಿಂಗಳು ದಿನಾ ಸಂಜೆ ಸ್ಟೀಲ್ ಡಬ್ಬಿಯಲ್ಲಿ ಬಿಸಿ ಗಂಜಿ ತಂದಳು. ಮುಚ್ಚಳದ ಮೇಲೆ ಒಂದು ಹೋಳು ಮಾವಿನಕಾಯಿ ಉಪ್ಪಿನಕಾಯಿ. ಬಾರದವರ ಲೆಕ್ಕದಲ್ಲಿ ಮುಳುಗಿ, ಬಂದವಳಿಗೆ ಕೂತ್ಕೋ ಅಂತಲೂ ನಾನು ಹೇಳಲಿಲ್ಲ. ಅದು ಇವತ್ತಿಗೂ ಚುಚ್ಚುತ್ತದೆ. ಪೌಲ ಅದೇ ಪತ್ರದಲ್ಲಿ ಒನೇಸಿಫೊರನನ್ನು ಮನೆಮಂದಿ ಸಮೇತ ನೆನೆಯುತ್ತಾನೆ. ರೋಮಾಪುರಕ್ಕೆ ಬಂದು ಹುಡುಕಿ ಹುಡುಕಿ ನನ್ನನ್ನು ಕಂಡ, ನನ್ನ ಬೇಡಿಗೆ ನಾಚಲಿಲ್ಲ ಅಂತ.

ಇನ್ನು ಮಾರ್ಕ. ಅವನನ್ನು ಕರೆದುಕೊಂಡು ಬಾ, ನನಗೆ ಉಪಯೋಗವಾಗುತ್ತಾನೆ ಅಂತ ಪೌಲ ಬರೆಯುತ್ತಾನೆ. ಹಿಂದೆ ಪೌಲ, ಬಾರ್ನಬರ ಜೊತೆ ಸುವಾರ್ತೆ ಸಾರಲು ಹೊರಟು, ಪಂಫುಲ್ಯ ಸೀಮೆಯಲ್ಲಿ ಅರ್ಧಕ್ಕೇ ಬಿಟ್ಟು ಯೆರೂಸಲೇಮಿಗೆ ಹಿಂತಿರುಗಿದವನೇ ಈ ಮಾರ್ಕ. ಮತ್ತೆ ಅವನನ್ನು ಸೇರಿಸಿಕೊಳ್ಳುವುದು ಬೇಡ ಅಂತ ಪೌಲ ಬಾರ್ನಬನ ಜೊತೆ ಜಗಳವಾಡಿ ಬೇರೆಯೇ ಆಗಿದ್ದ. ಬಾರ್ನಬ ಮಾರ್ಕನನ್ನು ಕರೆದುಕೊಂಡು ಕುಪ್ರ ದ್ವೀಪಕ್ಕೆ ಹಡಗು ಹತ್ತಿದ. ಎಷ್ಟೋ ವರ್ಷಗಳ ಮೇಲೆ, ಸೆರೆಯಲ್ಲಿ ಕೂತು, ಪೌಲನಿಗೆ ಬೇಕಾದವನು ಅವನೇ. ಆ ಮೂವರನ್ನು ನಾಳೆಯೇ ಊಟಕ್ಕೆ ಕರಿ ಅಂತ ನಾನು ಹೇಳುತ್ತಿಲ್ಲ. ಪೌಲನಿಗೂ ಸಮಯ ಹಿಡಿಯಿತು. ಫೋನಿನಲ್ಲಿ ಅವರ ನಂಬರ್ ಮಾತ್ರ ಅಳಿಸಬೇಡ.

ಮತ್ತೆ, ಉಳಿದವರ ಹತ್ತಿರ ಬಾಯಿಬಿಟ್ಟು ಕೇಳುವುದನ್ನು ಕಲಿ. ಪೌಲ ತಿಮೊಥೆಯನನ್ನು ಕೇಳಿದ್ದು ನೋಡು: ತ್ರೋವ ಪಟ್ಟಣದಲ್ಲಿ ಕರ್ಪನ ಮನೆಯಲ್ಲಿ ಬಿಟ್ಟುಬಂದ ಮೇಲಂಗಿ ತಾ, ಪುಸ್ತಕಗಳನ್ನು ತಾ, ಚರ್ಮದ ಹಾಳೆಗಳನ್ನಂತೂ ಮರೆಯಬೇಡ, ಚಳಿಗಾಲಕ್ಕೆ ಮುಂಚೆ ಬಂದುಬಿಡು. ಅಷ್ಟು ದೊಡ್ಡ ಮನುಷ್ಯ, ಚಳಿ ಆಗುತ್ತದೆ ಅಂತ ಅಂಗಿ ಕೇಳಿದ. ಈ ಸಾಲು ಓದಿದಾಗೆಲ್ಲ ನನಗೆ ಕಣ್ಣು ತುಂಬುತ್ತದೆ.

ಬಾಡಿಗೆಗೆ ಎಷ್ಟು ಕಮ್ಮಿ ಬೀಳುತ್ತದೆ ಅಂತ ಬರೆ, ಮುಚ್ಚಿಡಬೇಡ. ಮಳೆ ಹಿಡಿಯುವ ಮೊದಲು ಊರಿಗೆ ಬಾ. ನಿನ್ನ ಕೋಣೆ ಗುಡಿಸಿ, ಹಾಸಿಗೆ ಬಿಸಿಲಿಗೆ ಹಾಕಿ ಇಟ್ಟಿದ್ದೇನೆ.

ನಿನ್ನ ದೊಡ್ಡಮ್ಮ