ಅಕಾಡೆಮಿ ಬಿಡಿಸುವ ಮೊದಲು ಎದುರಾಳಿಯನ್ನು ಹುಡುಕಿ

ಮಾನ್ಯ ಸಂಪಾದಕರೇ,

ಬೇಸಿಗೆ ರಜೆ ಬಂತೆಂದರೆ ಟೆನಿಸ್ ಆಡುವ ಮಕ್ಕಳ ಮನೆಗಳಲ್ಲಿ ಒಂದೇ ಚರ್ಚೆ. ಅಕಾಡೆಮಿ ಬಿಡಿಸಿ, ಓದನ್ನು ಎನ್‌ಐಒಎಸ್‌ಗೆ (ರಾಷ್ಟ್ರೀಯ ಮುಕ್ತ ಶಾಲೆಗೆ) ಬದಲಾಯಿಸಿ, ಖಾಸಗಿ ಕೋಚ್ ಇಟ್ಟುಕೊಂಡು ನಮ್ಮದೇ ದಾರಿಯಲ್ಲಿ ಹೋದರೆ ಹೇಗೆ? ಈ ಯೋಚನೆಗೆ ಧೈರ್ಯ ತುಂಬುವ ಹೆಸರು ಹೆಚ್ಚಾಗಿ ಸ್ಪೇನಿನ ಟೆನಿಸ್ ತಾರೆ ರಫೆಲ್ ನಡಾಲ್ ಅವರದು. ಬಾರ್ಸಿಲೋನಾದಲ್ಲಿ ತರಬೇತಿ ಪಡೆಯುವ ಅವಕಾಶ ಬಂದರೂ ಒಪ್ಪದೆ, ಮಯೋರ್ಕಾ ದ್ವೀಪದ ಮನೆಯಲ್ಲೇ ಉಳಿದು ಚಿಕ್ಕಪ್ಪ ಟೋನಿಯವರ ಕೈಕೆಳಗೆ ಬೆಳೆದರು ಎಂಬುದು ನಿಜ. ನಮ್ಮಲ್ಲಿ ಹರಿದಾಡುವುದು ಅಷ್ಟೇ, ಉಳಿದರ್ಧ ಯಾರಿಗೂ ಬೇಡ. ಟೋನಿ ಮನಾಕೋರ್ ಕ್ಲಬ್ಬಿನ ಕೋಚ್ ಆಗಿದ್ದವರು. ಅದೇ ದ್ವೀಪದ ಕಾರ್ಲೋಸ್ ಮೋಯಾ, 1999ರಲ್ಲಿ ವಿಶ್ವದ ನಂಬರ್ ಒನ್ ಆಗಿದ್ದವರು, ಹದಿಹರೆಯದ ನಡಾಲ್ ಜೊತೆ ಅಭ್ಯಾಸಕ್ಕೆ ನಿಲ್ಲುತ್ತಿದ್ದರು. ಊರು ಬಿಡದ ಹುಡುಗನಿಗೆ ಊರಲ್ಲೇ ಅಂಥ ಚೆಂಡು ಎದುರಾಗುತ್ತಿತ್ತು.

ಸ್ವಿಟ್ಜರ್ಲೆಂಡಿನ ರೋಜರ್ ಫೆಡರರ್ ಅವರದು ಇನ್ನೊಂದು ಬಗೆ. 14ನೇ ವಯಸ್ಸಿಗೆ ಮನೆ ಬಿಟ್ಟು ಎಕುಬ್ಲೆನ್ಸ್‌ನ ರಾಷ್ಟ್ರೀಯ ಕೇಂದ್ರ ಸೇರಿದರು. ದೇಶದ ಟೆನಿಸ್ ಫೆಡರೇಷನ್ನಿನಿಂದ ಹೊರಬಂದು ಸ್ವಂತ ತಂಡ ಕಟ್ಟಿಕೊಂಡಿದ್ದು ವೃತ್ತಿಪರರಾದ ಮೇಲೆ, 2000ದ ಹೊತ್ತಿಗೆ. ಆಗಲೂ ಆರಿಸಿಕೊಂಡಿದ್ದು ಅಲ್ಲೇ ತಮ್ಮನ್ನು ಪಳಗಿಸಿದ್ದ ಪೀಟರ್ ಲುಂಡ್‌ಗ್ರೆನ್ ಮತ್ತು ಫಿಟ್ನೆಸ್ ಕೋಚ್ ಪಿಯರ್ ಪಗಾನೀನಿ ಅವರನ್ನು. ತಳಪಾಯ ವ್ಯವಸ್ಥೆಯೊಳಗೆ, ಆಯ್ಕೆ ಆಮೇಲೆ. ಇಟಲಿಯ ಯಾನಿಕ್ ಸಿನ್ನರ್ ಕೂಡ 13ಕ್ಕೆ ಅಲ್ಲಿನ ಬೋರ್ಡಿಗೇರಾದಲ್ಲಿ ಕೋಚ್ ಪಿಯಾಟ್ಟಿಯವರ ಅಕಾಡೆಮಿ ಸೇರಿ, ಅದನ್ನು ಬಿಟ್ಟಿದ್ದು 2022ರಲ್ಲಿ, ಇಪ್ಪತ್ತು ದಾಟಿದ ಮೇಲೆ.

ನಮ್ಮ ಕೊಡಗಿನ ರೋಹನ್ ಬೋಪಣ್ಣ ತಮ್ಮ ಮೊಣಕಾಲಿನ ಮಾತು ಕೇಳಿ ದಾರಿ ಬದಲಿಸಿದವರು. ಮೃದ್ವಸ್ಥಿ ಸವೆದು ನೋವಿನ ಮಾತ್ರೆಗಳ ಮೇಲೆ ಆಡುತ್ತಿದ್ದವರು ಅಯ್ಯಂಗಾರ್ ಯೋಗದ ಮೊರೆ ಹೋದರು, ಕಾಲಿಗೆ ಬಲ ಬಂತು. 2024ರ ಜನವರಿಯಲ್ಲಿ, 43ನೇ ವಯಸ್ಸಿನಲ್ಲಿ, ಮ್ಯಾಥ್ಯೂ ಎಬ್ಡೆನ್ ಜೊತೆ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದು ನಂಬರ್ ಒನ್ ಆದರು. ಓಟ ಕಡಿಮೆ ಮಾಡಿಕೊಂಡು ಸರ್ವ್ ಮತ್ತು ರಿಟರ್ನ್ ಮೇಲೆ ನಿಂತ ಆಟ ಅದು.

ನಮ್ಮ ಊರುಗಳಲ್ಲಿ ಸ್ವಂತ ದಾರಿ ಎಡವುವುದು ಎಲ್ಲಿ? ಚೆಂಡು ತುಂಬಿದ ಬಾಸ್ಕೆಟ್ಟಿನಲ್ಲಿ. ಕೋಚ್ ಒಂದೇ ಎತ್ತರಕ್ಕೆ, ಒಂದೇ ವೇಗಕ್ಕೆ ಚೆಂಡು ಹಾಕುತ್ತಾರೆ. ಮಗು ಎರಡು ಗಂಟೆ ಚಂದವಾಗಿ ಹೊಡೆಯುತ್ತದೆ, ಅಪ್ಪ ಬೇಲಿಯಾಚೆಯಿಂದ ವಿಡಿಯೊ ಮಾಡುತ್ತಾರೆ. ಟೂರ್ನಿಯ ಮೊದಲ ಸುತ್ತಿನಲ್ಲಿ ಎಡಗೈ ಆಟಗಾರನೊಬ್ಬ ಆ್ಯಡ್ ಕೋರ್ಟಿನಿಂದ (ಅಂಕಣದ ಎಡ ಅರ್ಧದಿಂದ) ಹೊರಕ್ಕೆ ಜಾರುವ ಸ್ಲೈಸ್ ಸರ್ವ್ ಹಾಕಿದ ಕೂಡಲೇ ಬ್ಯಾಕ್‌ಹ್ಯಾಂಡ್ ಕುಸಿಯುತ್ತದೆ, ಏಕೆಂದರೆ ಅಂಥ ಚೆಂಡನ್ನು ಮಗು ನೋಡಿಯೇ ಇಲ್ಲ. ವೃತ್ತಿಪರ ಪಂದ್ಯದಲ್ಲಿ ಹೆಚ್ಚಿನ ಪಾಯಿಂಟುಗಳು ನಾಲ್ಕು ಹೊಡೆತದೊಳಗೆ ಮುಗಿಯುತ್ತವೆ. ಅಭ್ಯಾಸದ ಅರ್ಧ ಸಮಯವಾದರೂ ಸರ್ವ್, ರಿಟರ್ನ್ ಮತ್ತು ಅದರ ಮುಂದಿನ ಹೊಡೆತಕ್ಕೆ, ಅದೂ ಎದುರಿಗೆ ಜೀವಂತ ಎದುರಾಳಿ ಇಟ್ಟುಕೊಂಡು, ಹೋಗಬೇಕು. ವಾರಕ್ಕೆ ಮೂವರು ಬೇಕು: ನೀವು ಸೋಲಿಸುವವರು ಒಬ್ಬರು, ಸರಿಸಮಾನರು ಒಬ್ಬರು, ನಿಮ್ಮನ್ನು ಸೋಲಿಸುವವರು ಒಬ್ಬರು. ಮೊದಲನೆಯವರ ಎದುರು ಹೊಸ ಹೊಡೆತ ಪರೀಕ್ಷಿಸಬಹುದು. ಅದನ್ನು ಬಿಟ್ಟು ಬರೀ ಬಲಿಷ್ಠರ ಜೊತೆ ಆಡಿಸಿದರೆ ಮಗು ಚೆಂಡನ್ನು ಹಿಂತಿರುಗಿಸುವುದನ್ನಷ್ಟೇ ಕಲಿಯುತ್ತದೆ.

ಬೆಂಗಳೂರಿನವರಿಗೆ ಇನ್ನೊಂದು ತೊಡಕಿದೆ. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದ ಇಲ್ಲಿ ಗಾಳಿ ತೆಳು, ಚೆಂಡು ಹಾರುತ್ತದೆ. ಇಲ್ಲೇ ಪಳಗಿದವರು ಚೆನ್ನೈಗೋ ಮಂಗಳೂರಿಗೋ ಹೋದರೆ ಹೊಡೆದ ಚೆಂಡು ಅರ್ಧದಲ್ಲೇ ಸತ್ತಂತೆ ಅನ್ನಿಸುತ್ತದೆ. ರ‍್ಯಾಕೆಟ್ಟಿನ ಸ್ಟ್ರಿಂಗ್ ಬಿಗುವನ್ನು ಒಂದೆರಡು ಪೌಂಡ್ ಇಳಿಸಿಕೊಂಡು, ಟೂರ್ನಿಗೆ ಮೂರ್ನಾಲ್ಕು ದಿನ ಮೊದಲೇ ಅಲ್ಲಿಗೆ ತಲುಪಬೇಕು. ಪಾಲಿಯೆಸ್ಟರ್ ಸ್ಟ್ರಿಂಗ್ ಹರಿಯುವ ತನಕ ಕಾಯಬೇಡಿ, ಹತ್ತು ಹದಿನೈದು ಗಂಟೆ ಆಟದಲ್ಲಿ ಅದರ ಪುಟಿತ ಹೋಗಿ ಹೊಡೆತದ ಆಘಾತವೆಲ್ಲ ಮೊಣಕೈಗೆ ಇಳಿಯುತ್ತದೆ. ಸಣ್ಣ ಮಕ್ಕಳಿಗಂತೂ ಪಾಲಿಯೆಸ್ಟರ್ ಬೇಡವೇ ಬೇಡ.

ಅಕಾಡೆಮಿಯಲ್ಲಿ ಗುಂಪಿನ ವೇಳಾಪಟ್ಟಿಯೇ ಒಂದು ಕಡಿವಾಣ. ಮನೆಯವರೇ ನಡೆಸಿದಾಗ ಅದು ಇರುವುದಿಲ್ಲ, ಗಂಟೆಗಳು ಏರುತ್ತಲೇ ಹೋಗುತ್ತವೆ. ವಾರದ ಒಟ್ಟು ಅಭ್ಯಾಸದ ಗಂಟೆ ಮಗುವಿನ ವಯಸ್ಸನ್ನು ಮೀರದಿರಲಿ ಎಂಬುದು ಕ್ರೀಡಾ ವೈದ್ಯರ ಲೆಕ್ಕ: ಹನ್ನೆರಡರ ಮಗುವಿಗೆ ಹನ್ನೆರಡು ಗಂಟೆ. ಸರ್ವ್‌ಗಳನ್ನು ಎಣಿಸಿ ಡೈರಿಯಲ್ಲಿ ಬರೆದಿಡಿ. ಬೆನ್ನು ಹಿಂದಕ್ಕೆ ಬಾಗಿ ತಿರುಗುವ ಆ ಚಲನೆ ನೂರಾರು ಬಾರಿ ಆದಾಗ ಸೊಂಟದ ಭಾಗದ ಬೆನ್ನುಮೂಳೆಯಲ್ಲಿ ಕೂದಲೆಳೆಯ ಬಿರುಕು ಬೀಳಬಹುದು. ಬೆನ್ನು ಹಿಂದಕ್ಕೆ ಬಾಗಿಸಿದಾಗ ಒಂದೇ ಬದಿಗೆ ನೋವು ಬಂದು ವಾರ ಕಳೆದರೂ ಹೋಗದಿದ್ದರೆ ಸರ್ವ್ ನಿಲ್ಲಿಸಿ ಮೂಳೆ ವೈದ್ಯರಿಗೆ ತೋರಿಸಿ. ಬೇಗ ಸಿಕ್ಕರೆ ವಿಶ್ರಾಂತಿಯಲ್ಲೇ ಕೂಡಿಕೊಳ್ಳುತ್ತದೆ. ಮುಲಾಮು ಹಚ್ಚಿ ಆಡಿಸಿದರೆ ಒಂದು ಋತುವೇ ಹೋಗುತ್ತದೆ.

ಹಣದ ಮಾತು ಚಿಕ್ಕದು. 15 ಸಾವಿರ ಡಾಲರ್ ಮಟ್ಟದ ಪುರುಷರ ಐಟಿಎಫ್ (ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್) ಟೂರ್ನಿಯಲ್ಲಿ ಸಿಂಗಲ್ಸ್ ಗೆದ್ದವರಿಗೆ 2,160 ಡಾಲರ್, ಮೊದಲ ಸುತ್ತಿನಲ್ಲಿ ಸೋತವರಿಗೆ 156 ಡಾಲರ್, ಅದೂ ತೆರಿಗೆಗೆ ಮುನ್ನ. ಜೊತೆಗೆ ಬಂದ ಕೋಚ್‌ನ ಪ್ರಯಾಣ, ರೂಮು, ಊಟ ಇದರಲ್ಲಿ ಹುಟ್ಟುವುದಿಲ್ಲ. ಹಾಗಾಗಿ ಮೂರ್ನಾಲ್ಕು ಆಟಗಾರರು ಸೇರಿ ಒಬ್ಬ ಕೋಚ್‌ನನ್ನು ಹಂಚಿಕೊಳ್ಳುವುದು ಮೇಲು. ಅಭ್ಯಾಸಕ್ಕೆ ಎದುರಾಳಿಯೂ ಅಲ್ಲೇ ಸಿಕ್ಕಂತಾಯಿತು.

ರಾಜ್ಯ ಟೆನಿಸ್ ಸಂಸ್ಥೆಗೂ ಮೈಸೂರು, ಹುಬ್ಬಳ್ಳಿ, ಮಂಗಳೂರಿನ ಕ್ಲಬ್ಬುಗಳಿಗೂ ನಮ್ಮದೊಂದು ಬೇಡಿಕೆ. ವಾರದಲ್ಲಿ ಎರಡು ಮಧ್ಯಾಹ್ನ, ಸದಸ್ಯರು ಬರುವ ಮೊದಲು ಎರಡರಿಂದ ನಾಲ್ಕರವರೆಗೆ, ಎರಡು ಕೋರ್ಟುಗಳನ್ನು ಯಾವ ಅಕಾಡೆಮಿಗೂ ಸೇರದ ರ‍್ಯಾಂಕಿಂಗ್ ಆಟಗಾರರ ಪಂದ್ಯಗಳಿಗೆ ಬಿಟ್ಟುಕೊಡಿ. ಹೆಸರು ಬರೆದುಕೊಳ್ಳಲು ಒಂದು ಪುಸ್ತಕ ಇಡಿ, ಬಂದವರನ್ನು ಮಟ್ಟ ನೋಡಿ ಜೋಡಿ ಮಾಡಿ. ಚೆಂಡು ಅವರೇ ತರುತ್ತಾರೆ.

— ಟೆನಿಸ್ ತರಬೇತುದಾರರು, ಬೆಂಗಳೂರು